ಸುಳ್ಳು ಕಲ್ಲಿನ ಲೇಖನಿ

ಹೋದ ವರ್ಷ ನಮ್ಮ ಮನೆಯ ಅಡುಗೆ ಕಟ್ಟೆಯನ್ನು ಹೊಸದಾಗಿ ಮಾಡಿಸಿದೆವು. ಕಡಪ ಕಲ್ಲು ಬೇಡ, ಗ್ರಾನೈಟೂ ಬೇಡ, ಕೋರಿಯನ್ ಹಾಕಿಸೋಣ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಹಾಕಲು ಬಂದ ಹುಡುಗರು ಸಿಂಕ್ ಕೂರಿಸುವುದಕ್ಕಾಗಿ ಹಲಗೆಯ ನಡುವೆ ದೊಡ್ಡದೊಂದು ಚೌಕ ಕೊಯ್ದು ತೆಗೆದರು. ಹೊರಬಂದ ತುಂಡನ್ನು ಬಾಗಿಲ ಪಕ್ಕಕ್ಕೆ ಒರಗಿಸಿ, "ಇದು ವೇಸ್ಟ್ ಸರ್, ಚಪಾತಿ ಲಟ್ಟಿಸೋಕೆ ಇಟ್ಕೊಳ್ಳಿ" ಎಂದರು. ಕೆನೆಬಣ್ಣದ ಹಲಗೆ, ಮೈತುಂಬ ಸಾಸಿವೆ ಎರಚಿದಂತೆ ಸಣ್ಣ ಕಪ್ಪು ಚುಕ್ಕೆ. ದಪ್ಪ ಹನ್ನೆರಡು ಮಿಲಿಮೀಟರ್. ಕೈಗೆತ್ತಿಕೊಂಡರೆ ಕಲ್ಲಿನಷ್ಟು ತಣ್ಣಗಿಲ್ಲ, ಪ್ಲಾಸ್ಟಿಕ್ಕಿನಷ್ಟು ಹಗುರವೂ ಇಲ್ಲ.

ಒಂದು ವಾರ ಅದರ ಮೇಲೆ ಚಪಾತಿ ಲಟ್ಟಿಸಿದ್ದಾಯಿತು. ಆಮೇಲೊಂದು ದಿನ ಮೇಜಿನ ಡ್ರಾಯರಿನಲ್ಲಿ ಏನನ್ನೋ ಹುಡುಕುತ್ತಿದ್ದಾಗ ಅಪ್ಪನ ಪೆನ್ನು ಕೈಗೆ ಸಿಕ್ಕಿತು. ಎರಡನ್ನೂ ಒಟ್ಟಿಗೆ ಯೋಚಿಸಿದ್ದು ಅಂದೇ.

ಅಪ್ಪ ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟರಾಗಿದ್ದರು. ಅವರದು ಎಬೊನೈಟಿನ ಪೆನ್ನು. ಕೊಂಡಾಗ ಕಪ್ಪಗಿತ್ತಂತೆ. ನಾನು ನೋಡುವ ಹೊತ್ತಿಗೆ ಹಳೆಯ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು. ಮೈಮೇಲೆ ಯಾವ ಕಂಪೆನಿಯ ಹೆಸರೂ ಇಲ್ಲ. ಹಿಂಬದಿಯ ಕೊಳವೆಯನ್ನು ತಿರುಗಿಸಿ ಬಿಚ್ಚಿ, ಗಾಜಿನ ಡ್ರಾಪರಿನಿಂದ ಅದರೊಳಗೇ ಶಾಯಿ ತುಂಬಬೇಕು. ಒಮ್ಮೆ ಶಾಲೆಯ ಕಲ್ಲುಚಪ್ಪಡಿಯ ಮೇಲೆ ಬಿದ್ದು ಆ ಕೊಳವೆಯ ತುದಿ ಸೀಳಿತು. ಅಪ್ಪ ದಾರ ಸುತ್ತಿ ಅಂಟು ಬಳಿದರು. ಅದು ಸೋರಿ ಬಿಳಿ ಅಂಗಿಯ ಜೇಬಿನಲ್ಲಿ ನೀಲಿ ಊರೊಂದರ ನಕ್ಷೆ ಮೂಡಿಸಿತು. ಆಮೇಲೆ ಅವರೂ ಎಲ್ಲರಂತೆ ಬಾಲ್‌ಪೆನ್ನಿಗೆ ಬಂದರು. ಆದರೂ ಸೀಳಿದ ಪೆನ್ನನ್ನು ಎಸೆಯಲಿಲ್ಲ. ಅವರು ಹೋದ ಮೇಲೆ ತಮ್ಮನಿಗೆ ಅವರ ಗಡಿಯಾರ ಸಿಕ್ಕಿತು, ನನಗೆ ಪೆನ್ನು. ನಿಬ್ಬು, ಅದರಡಿಯ ನಾಲಿಗೆ, ಮುಚ್ಚಳ ಎಲ್ಲ ಸರಿಯಾಗಿದ್ದವು. ಕೆಟ್ಟಿದ್ದು ಕೊಳವೆಯೊಂದೇ.

ಸಿಂಕಿನ ತುಂಡಿನಿಂದ ಅದಕ್ಕೊಂದು ಹೊಸ ಕೊಳವೆ ಕಡೆಸುತ್ತೇನೆಂದು ತಮ್ಮನಿಗೆ ಫೋನಿನಲ್ಲಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. "ಅಣ್ಣ, ಅಪ್ಪನ ಪೆನ್ನಿಗೆ ಅಡುಗೆಮನೆ ಪ್ಲಾಸ್ಟಿಕ್ಕಾ?" ಎಂದ. "ಬೇಕಾದರೆ ಹಾಗೇ ಇಟ್ಟಿರು. ಅಸಲಿ ಅಸಲಿಯಾಗೇ ಇರಲಿ."

ಉತ್ತರ ಹೊಳೆಯಲಿಲ್ಲ. ಅವನ ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ. ಆದರೆ 'ಅಸಲಿ' ಎಂಬ ಮಾತು ತಲೆಯಲ್ಲಿ ಕೊರೆಯತೊಡಗಿತು. ಆ ಪೆನ್ನಿನಲ್ಲಿ ಅಸಲಿ ಅನ್ನುವುದು ಯಾವುದು? ಓದುತ್ತಾ ಹೋದೆ.

ಎಬೊನೈಟಿನ ಗುಟ್ಟು ಅದರ ಹೆಸರಿನಲ್ಲೇ ಇದೆ. ಎಬೊನಿ ಎಂದರೆ ಕಪ್ಪಗೆ ಗಟ್ಟಿಯಾದ ಒಂದು ಬೆಲೆಬಾಳುವ ಮರ. ಅದರಂತೆ ಕಾಣುವುದು ಎಬೊನೈಟ್. ಹುಟ್ಟಿದ್ದೇ ನಕಲಾಗಿ! 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದರೆ ಅದು ಬಿಸಿಲಿಗೆ ಅಂಟಾಗುವುದಿಲ್ಲ, ಚಳಿಗೆ ಪೆಡಸಾಗುವುದಿಲ್ಲ ಎಂದು ಕಂಡುಕೊಂಡ. ಗಂಧಕವನ್ನು ಇನ್ನೂ ಹೆಚ್ಚು ಸೇರಿಸಿ, ಇನ್ನೂ ಹೊತ್ತು ಬೇಯಿಸಿದರೆ ರಬ್ಬರು ಮರದಷ್ಟು ಗಟ್ಟಿಯಾಗುತ್ತದೆ. ಈ ಗಟ್ಟಿ ರಬ್ಬರಿಗೆ 1851ರಲ್ಲಿ ಪೇಟೆಂಟ್ ಪಡೆದವನು ಅವನ ತಮ್ಮ ನೆಲ್ಸನ್ ಗುಡ್‌ಇಯರ್. (ಇಲ್ಲೂ ಅಣ್ಣತಮ್ಮಂದಿರೇ.) ಅದರಿಂದ ಬಾಚಣಿಗೆ ಮಾಡಿದರು, ಹುಕ್ಕಾಕೊಳವೆಗಳ ತುದಿ ಮಾಡಿದರು, ಕಟ್ಟಿಸಿಕೊಳ್ಳುವ ಹಲ್ಲುಗಳಿಗೆ ವಸಡು ಮಾಡಿದರು. ಪೆನ್ನು ಬಂದದ್ದು ಆಮೇಲೆ. 1884ರಲ್ಲಿ ನ್ಯೂಯಾರ್ಕಿನ ಲೂಯಿಸ್ ವಾಟರ್‌ಮನ್, ಶಾಯಿ ಒಮ್ಮೆಲೇ ಸುರಿಯದೆ ಅಳತೆಯಾಗಿ ಇಳಿಯುವಂತೆ ಸೀಳುಗಳಿರುವ ನಾಲಿಗೆಗೆ ಪೇಟೆಂಟ್ ಪಡೆದ. ಅಂಥ ಪೆನ್ನಿನ ಮೈಗೆ ಹೇಳಿ ಮಾಡಿಸಿದಂತಿತ್ತು ಗಟ್ಟಿ ರಬ್ಬರು. ಆಗಿನ ಶಾಯಿಗಳಲ್ಲಿ ಆಮ್ಲ ಇರುತ್ತಿತ್ತು. ಅದು ಲೋಹವನ್ನು ತಿನ್ನುತ್ತದೆ, ಎಬೊನೈಟನ್ನು ಮುಟ್ಟುವುದಿಲ್ಲ. ಲೇತಿಗೆ ಹಾಕಿದರೆ ಬೆಣ್ಣೆಯಂತೆ ಕಡೆಯಬಹುದು.

ಆದರೆ ಈ ಕಪ್ಪಿನ ಇನ್ನೊಂದು ಕಥೆಯನ್ನು ಬಿಟ್ಟು ಮುಂದೆ ಹೋಗಲಾಗದು. ಎಬೊನೈಟ್ ಪೆನ್ನುಗಳು ಜಗತ್ತಿನ ಮೇಜುಗಳಿಗೆ ಬಂದ ಹೊತ್ತಿನಲ್ಲೇ, 1885ರಿಂದ 1908ರವರೆಗೆ, ಆಫ್ರಿಕದ ಕಾಂಗೋ ಬೆಲ್ಜಿಯಮ್ಮಿನ ದೊರೆ ಎರಡನೆಯ ಲಿಯೊಪೋಲ್ಡನ ಖಾಸಗಿ ಆಸ್ತಿಯಾಗಿತ್ತು. ಕಾಡಿನ ಬಳ್ಳಿಗಳಿಂದ ರಬ್ಬರು ತಂದು ಒಪ್ಪಿಸದ ಊರುಗಳಲ್ಲಿ ಹೆಂಗಸರನ್ನು ಒತ್ತೆಯಿಟ್ಟುಕೊಳ್ಳುತ್ತಿದ್ದರು, ಜನರ ಕೈ ಕಡಿಯುತ್ತಿದ್ದರು. ಬ್ರಿಟಿಷ್ ಕಾನ್ಸಲ್ ರೋಜರ್ ಕೇಸ್‌ಮೆಂಟನ ವರದಿ 1904ರಲ್ಲಿ ಅಚ್ಚಾಗಿ ಇದು ಲೋಕಕ್ಕೆ ತಿಳಿಯಿತು. ರಬ್ಬರಿನ ಹಸಿವು ಹೆಚ್ಚಿದ್ದು ಸೈಕಲ್ಲು ಮೋಟಾರುಗಳ ಟೈರಿನಿಂದ, ಪೆನ್ನಿನಿಂದಲ್ಲ, ನಿಜ. ಪೆನ್ನಿಗೆ ಬೇಕಾದ ರಬ್ಬರು ಎಷ್ಟು ಮಹಾ? ಆದರೂ ಆ ಕಾಲದಲ್ಲಿ ಮಾನವೀಯತೆಯ ಪರವಾಗಿ ಬರೆದವರ ಕೈಯಲ್ಲೂ ರಬ್ಬರಿನ ಪೆನ್ನೇ ಇದ್ದಿರಬೇಕು ಎಂದು ನೆನೆದರೆ ಮನಸ್ಸಿಗೆ ಹಿತವಾಗುವುದಿಲ್ಲ.

ಎಬೊನೈಟಿಗೆ ಒಂದು ದೋಷವಿತ್ತು. ಬಣ್ಣ ಕಪ್ಪು, ತಪ್ಪಿದರೆ ಇಟ್ಟಿಗೆಗೆಂಪು. ಅದೂ ಬೆಳಕು ತಾಗುತ್ತಾ ಹೋದಂತೆ ಒಳಗಿನ ಗಂಧಕದ ದೆಸೆಯಿಂದ ಕಂದುತ್ತದೆ. ಅಪ್ಪನ ಪೆನ್ನಿಗೆ ಆದದ್ದು ಅದೇ. ಒದ್ದೆ ಹೆಬ್ಬೆರಳಿನಿಂದ ಉಜ್ಜಿ ಮೂಸಿದರೆ ಈಗಲೂ ಪಟಾಕಿಯ ವಾಸನೆ ಬರುತ್ತದೆ.

ಬಣ್ಣ ಬೇಕೆಂದಾಗ ಬಂದದ್ದು ಸೆಲ್ಯುಲಾಯ್ಡ್. ಅದೂ ಬೇರೊಂದರ ಬದಲಿಗೆ ಹುಟ್ಟಿದ್ದೇ. 1860ರ ದಶಕದಲ್ಲಿ ಅಮೆರಿಕದ ಬಿಲಿಯರ್ಡ್ಸ್ ಸಾಮಾನಿನ ಕಂಪೆನಿಯೊಂದು, ದಂತದ ಚೆಂಡಿಗೆ ಬದಲಿ ವಸ್ತು ಕಂಡುಹಿಡಿದವರಿಗೆ ಹತ್ತು ಸಾವಿರ ಡಾಲರ್ ಬಹುಮಾನ ಸಾರಿತ್ತು. ಜಾನ್ ವೆಸ್ಲಿ ಹೈಯಟ್ ಎಂಬ ಅಚ್ಚುಮೊಳೆ ಕೆಲಸದವನು ಅದರ ಹಿಂದೆ ಬಿದ್ದ. ಹತ್ತಿಯನ್ನು ನೈಟ್ರಿಕ್ ಆಮ್ಲದಲ್ಲಿ ಪಳಗಿಸಿ ಬಂದ ವಸ್ತುವಿಗೆ ಅವನು ಸೇರಿಸಿದ್ದು ಏನನ್ನು ಗೊತ್ತೇ? ಕರ್ಪೂರ! ನಾವು ಆರತಿ ತಟ್ಟೆಯಲ್ಲಿ ಹಚ್ಚುವ ಕರ್ಪೂರ. 1870ರಲ್ಲಿ ಅವನಿಗೂ ಅವನ ಅಣ್ಣನಿಗೂ ಪೇಟೆಂಟ್ ಸಿಕ್ಕಿತು. ಕರ್ಪೂರದ ಮರಗಳ ಕಾಡು ತೈವಾನಿನಲ್ಲಿತ್ತು. 1895ರಲ್ಲಿ ಆ ದ್ವೀಪವನ್ನು ವಶಪಡಿಸಿಕೊಂಡ ಜಪಾನ್, 1899ರಲ್ಲಿ ಕರ್ಪೂರದ ವ್ಯಾಪಾರವನ್ನು ಸರಕಾರದ ಏಕಸ್ವಾಮ್ಯ ಮಾಡಿಕೊಂಡಿತು. ಪೆನ್ನಿನ ಲೋಕಕ್ಕೆ ಸೆಲ್ಯುಲಾಯ್ಡ್ ಗಟ್ಟಿಯಾಗಿ ಕಾಲಿಟ್ಟದ್ದು 1924ರಲ್ಲಿ, ಶೀಫರ್ ಕಂಪೆನಿಯ ಹಸಿರು ಪೆನ್ನಿನೊಡನೆ. ಅಲ್ಲಿಂದ ಹದಿನೈದು ವರ್ಷ ಪೆನ್ನುಗಳಿಗೆ ಹಬ್ಬ: ಮುತ್ತಿನ ಹೊಳಪು, ಹುಲಿಪಟ್ಟೆ, ಅಮೃತಶಿಲೆಯ ಗೆರೆ. ಪೆನ್ನು ಬರೆಯುವ ಸಾಮಾನಿನಿಂದ ಒಡವೆಯಾದದ್ದು ಆಗ. ಅಂಥ ಹಳೆಯ ಪೆನ್ನಿನ ಮುಚ್ಚಳ ತೆಗೆದರೆ ದೇವರಮನೆಯ ವಾಸನೆ ಬರುತ್ತದೆ ಎಂದು ಸಂಗ್ರಹಕಾರರೊಬ್ಬರು ಒಮ್ಮೆ ನನ್ನ ಮೂಗಿನ ಹತ್ತಿರ ಹಿಡಿದಿದ್ದರು. ನಿಜ, ಬರುತ್ತದೆ. ಬೆಂಕಿ ತಾಗಿಸಿದರೆ ಕರ್ಪೂರದಂತೆಯೇ ಉರಿದೂ ಹೋಗುತ್ತದೆ.

ಹಾಲಿನಿಂದಲೂ ಪೆನ್ನು ಮಾಡಿದ್ದಾರೆ. ಹಾಲಿನ ಕೇಸಿನ್ನನ್ನು ಫಾರ್ಮಾಲಿನ್ನಿನಲ್ಲಿ ನೆನೆಸಿ ಗಟ್ಟಿಮಾಡಿದ ಆ ವಸ್ತುವಿಗೆ ಗ್ಯಾಲಲಿತ್ ಎಂದು ಹೆಸರು. ಗ್ರೀಕಿನಲ್ಲಿ 'ಹಾಲುಗಲ್ಲು' ಎಂದರ್ಥ. ಇಂಗ್ಲೆಂಡಿನ ಕಾನ್‌ವೇ ಸ್ಟುವರ್ಟ್ ಕಂಪೆನಿಯ ಚೆಂದದ ಪೆನ್ನುಗಳಲ್ಲಿ ಹಲವು ಹಾಲುಗಲ್ಲಿನವು. ನೀರಿನಲ್ಲಿ ನೆನೆದರೆ ಉಬ್ಬುತ್ತವೆ, ಪಾಪ.

ಇಷ್ಟು ಓದುವ ಹೊತ್ತಿಗೆ ತಮ್ಮನಿಗೆ ಕೊಡಬೇಕಾದ ಉತ್ತರ ಅರ್ಧ ಸಿಕ್ಕಿತ್ತು. ಕರಿಮರದ ಬದಲಿಗೆ ರಬ್ಬರು, ದಂತದ ಬದಲಿಗೆ ಹತ್ತಿ ಮತ್ತು ಕರ್ಪೂರ, ಕಲ್ಲಿನ ಬದಲಿಗೆ ಹಾಲು. ಬೇರೆ ಯಾವುದಕ್ಕೋ ಮಾಡಿಟ್ಟಿದ್ದನ್ನು ಎತ್ತಿಕೊಂಡು ಪೆನ್ನು ತನ್ನ ಮೈ ಕಟ್ಟಿಕೊಳ್ಳುತ್ತಾ ಬಂದಿದೆ. ಕೊಂಚ ಅತಿಮಾತು ಇರಬಹುದು, ಬೆಳ್ಳಿಬಂಗಾರದ ಪೆನ್ನುಗಳೂ ಇದ್ದವಲ್ಲ ಎಂದು ಯಾರಾದರೂ ಹೇಳಬಹುದು. ಆದರೆ ಅವುಗಳ ಬಂಗಾರ ಬಹುಪಾಲು ಮೇಲಿನ ಹೊದಿಕೆ. ಒಳಗೆ ಶಾಯಿ ಹೊತ್ತದ್ದು ಅದೇ ಕರಿ ರಬ್ಬರು.

'ಬದಲಿ' ಎಂಬ ಮಾತು ನಮ್ಮ ದೇಶದಲ್ಲಿ ಬೇರೆಯದೇ ಘನತೆ ಪಡೆಯಿತು. ಗೋದಾವರಿಯ ದಡದ ರಾಜಮಹೇಂದ್ರಿಯಲ್ಲಿ ಕೆ.ವಿ. ರತ್ನಂ ಅವರು ಗಾಂಧೀಜಿಯ ಸ್ವದೇಶಿ ಕರೆಗೆ ಓಗೊಟ್ಟು ಕೈಯಿಂದಲೇ ಎಬೊನೈಟ್ ಪೆನ್ನು ಕಡೆಯಲು ಶುರುಮಾಡಿದರು. ತಮಗೆ ತಲುಪಿದ ರತ್ನಂ ಪೆನ್ನನ್ನು ಬಳಸಿ ನೋಡಿ, ಬಜಾರಿನಲ್ಲಿ ಸಿಗುವ ಪರದೇಶಿ ಪೆನ್ನುಗಳಿಗೆ ಇದು ಒಳ್ಳೆಯ ಬದಲಿ ಎಂಬ ಅರ್ಥದಲ್ಲಿ 1935ರ ಜುಲೈನಲ್ಲಿ ಗಾಂಧೀಜಿ ಅವರಿಗೆ ಕಾಗದ ಬರೆದರು. ಪರದೇಶದ್ದರ ಬದಲಿ ಎನ್ನಿಸಿಕೊಳ್ಳುವುದೇ ಅಂದು ದೊಡ್ಡ ಬಿರುದು. ಸ್ವಾತಂತ್ರ್ಯ ಬಂದ ಮೇಲೆ ಹೊರಗಿನ ಸಾಮಾನಿಗೆ ಕಟ್ಟುಪಾಡುಗಳು ಬಿಗಿಯಾದಾಗ ಊರೂರಿನ ಸಣ್ಣ ಲೇತುಗಳಲ್ಲಿ ಎಬೊನೈಟ್ ಪೆನ್ನು ಕಡೆಯುವವರು ಹುಟ್ಟಿಕೊಂಡರು. ಅಪ್ಪನ ಪೆನ್ನು ಆ ಹೆಸರಿಲ್ಲದ ಸಂತಾನದ್ದು. ಮೈಮೇಲೆ ಬೆರಳಾಡಿಸಿದರೆ ಲೇತಿನ ಉಳಿ ನಡೆದ ಗೆರೆಗಳು ಇನ್ನೂ ಸಿಗುತ್ತವೆ.

ಇನ್ನು ಸಿಂಕಿನ ತುಂಡಿನ ವಂಶಾವಳಿ. ಇದನ್ನು ಹುಡುಕಲು ಹೊರಟಾಗ ಪೆನ್ನಿನ ಕಥೆಗೆ ಹತ್ತಿರದ್ದೇನೂ ಸಿಗಲಾರದು ಎಂದುಕೊಂಡಿದ್ದೆ. ಸಿಕ್ಕಿತು.

1930ರ ದಶಕದಲ್ಲಿ ಅಮೆರಿಕದ ಡ್ಯುಪಾಂಟ್ ಕಂಪೆನಿ ಗಾಜಿನಷ್ಟು ತಿಳಿಯಾದ ಅಕ್ರಿಲಿಕ್ ಪ್ಲಾಸ್ಟಿಕ್ಕನ್ನು 'ಲೂಸೈಟ್' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಆ ಹೊತ್ತಿಗೆ ಪಾರ್ಕರ್ ಕಂಪೆನಿ ಕಾಗದದ ಮೇಲೆ ಬಿದ್ದ ತಕ್ಷಣ ಒಣಗುವ ಶಾಯಿಯೊಂದನ್ನು ಮಾಡಿತ್ತು. ಶಾಯಿಯೇನೋ ಒಣಗುತ್ತಿತ್ತು, ಆದರೆ ಸೆಲ್ಯುಲಾಯ್ಡಿನ ಪೆನ್ನನ್ನೇ ಕೆಡಿಸುತ್ತಿತ್ತು. ಅದನ್ನು ತಾಳಿಕೊಳ್ಳುವ ಮೈ ಬೇಕಾಯಿತು, ಲೂಸೈಟ್ ಒದಗಿತು. ಹಾಗೆ 1941ರಲ್ಲಿ ಪಾರ್ಕರ್ 51 ಬಂತು. 1888ರಲ್ಲಿ ಹುಟ್ಟಿದ ಕಂಪೆನಿಗೆ ಐವತ್ತೊಂದು ತುಂಬಿದ ವರ್ಷ ರೂಪುಗೊಂಡದ್ದು, ಅದಕ್ಕೇ ಆ ಹೆಸರು. ನಮ್ಮಲ್ಲಿ ಒಂದು ತಲೆಮಾರಿನ ವಕೀಲರು, ಡಾಕ್ಟರುಗಳು, ಹೆಡ್‌ಮಾಸ್ತರರ ಜೇಬಿನ ಕನಸು ಅದು. ಅದೇ ಲೂಸೈಟ್ ಎರಡನೆಯ ಮಹಾಯುದ್ಧದ ವಿಮಾನಗಳಲ್ಲಿ ಕಿಟಕಿಯಾಯಿತು.

ಯುದ್ಧ ಮುಗಿದು ಇಪ್ಪತ್ತು ವರ್ಷ ಕಳೆದ ಮೇಲೆ ಅದೇ ಡ್ಯುಪಾಂಟಿನ ರಸಾಯನಶಾಸ್ತ್ರಜ್ಞ ಡೊನಾಲ್ಡ್ ಸ್ಲೋಕಮ್ ಅದೇ ಅಕ್ರಿಲಿಕ್ಕಿಗೆ ನುಣ್ಣನೆಯ ಖನಿಜದ ಪುಡಿ ಬೆರೆಸಿ ಎರಕ ಹೊಯ್ದ. 1967ರಲ್ಲಿ ಆದ ಕೆಲಸ, 1968ರಲ್ಲಿ ಪೇಟೆಂಟ್, 1971ರಲ್ಲಿ ಕೋರಿಯನ್ ಎಂಬ ಹೆಸರಿನಲ್ಲಿ ಮಾರಾಟ. ಅದರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಅಕ್ರಿಲಿಕ್, ಉಳಿದೆರಡು ಪಾಲು ಆ ಪುಡಿ. ಪುಡಿ ಎಂದರೆ ಅಲ್ಯುಮಿನಿಯಮ್ಮಿನ ಹೈಡ್ರೇಟು. ಬಾಕ್ಸೈಟ್ ಅದಿರನ್ನು ಸಂಸ್ಕರಿಸುವಾಗ ದೊರೆಯುವ ಬಿಳಿ ವಸ್ತು. ನಮ್ಮ ಬೆಳಗಾವಿಯ ಕಾರ್ಖಾನೆಯಲ್ಲೂ ಬಾಕ್ಸೈಟನ್ನು ಹೀಗೇ ಸಂಸ್ಕರಿಸುತ್ತಾರೆ. ಈ ಪುಡಿಯ ತೂಕದಲ್ಲಿ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ನೀರಿನಂಶ, ಅದೂ ಹರಳಿನೊಳಗೇ ಕಟ್ಟುಬಿದ್ದದ್ದು. ಕಾವು ಇನ್ನೂರು ಡಿಗ್ರಿ ದಾಟಿದರೆ ಆ ನೀರು ಆವಿಯಾಗಿ ಹೊರಬಂದು ಬೆಂಕಿಯನ್ನು ತಡೆಯುತ್ತದೆ. ಕರ್ಪೂರದ ಪೆನ್ನು ಉರಿಯುವಂಥದ್ದು, ಇದು ಬೆಂಕಿ ತಡೆಯುವಂಥದ್ದು.

ಅಂದರೆ, ನಾನು ಮೂರು ಹೊತ್ತು ಹಿಟ್ಟು ಚೆಲ್ಲಿ ಚಪಾತಿ ಲಟ್ಟಿಸಿದ್ದು ಪಾರ್ಕರ್ 51ರ ದಾಯಾದಿಯ ಮೇಲೆ. ಅಪ್ಪ ಆ ಪೆನ್ನನ್ನು ಕೊಳ್ಳಲಾಗದೆ ಕೊನೆಯವರೆಗೆ ಅದರ ಮಾತಾಡುತ್ತಿದ್ದರು. ಒಮ್ಮೆ ಇನ್‌ಸ್ಪೆಕ್ಟರ್ ಸಾಹೇಬರು ಶಾಲೆಗೆ ಬಂದು ಹಾಜರಿ ಪುಸ್ತಕಕ್ಕೆ ರುಜು ಹಾಕಿದ್ದು ಅಂಥ ಪೆನ್ನಿನಿಂದ, ಮುಚ್ಚಳ ಹಾಕುವಾಗ 'ಟಪ್' ಎಂದು ಸದ್ದೇ ಬರಲಿಲ್ಲ ಎಂದು ಹತ್ತು ಸಲವಾದರೂ ಹೇಳಿದ್ದಾರೆ. ತಮ್ಮನಿಗೆ ಇದನ್ನು ವಾಟ್ಸಾಪಿನಲ್ಲಿ ಬರೆದು ಕಳಿಸಿದೆ. ಎರಡು ನೀಲಿ ಗೆರೆ ಮೂಡಿದವು. ಉತ್ತರ ಇಲ್ಲ.

ಕೆಲಸಕ್ಕೆ ಇಳಿದೆ. ಹಲಗೆಯ ದಪ್ಪ ಹನ್ನೆರಡು ಮಿಲಿಮೀಟರ್, ಕೊಳವೆಗೆ ಬೇಕಾದದ್ದು ಹದಿನಾಲ್ಕು. ಒಂದೇ ಪಟ್ಟಿ ಸಾಲದು. ಕಟ್ಟೆ ಹಾಕಿದ ಹುಡುಗರನ್ನೇ ಕೇಳಿ, ಅವರು ಹಲಗೆಗಳನ್ನು ಕೂಡಿಸುವ ಎರಡು ಟ್ಯೂಬಿನ ಅಂಟು ತಂದೆ. ಜೊತೆಗೆ ಅವರ ಚೀಲದಲ್ಲಿದ್ದ ಮಾದರಿ ಬಿಲ್ಲೆಗಳಲ್ಲಿ ಒಂದು ಕಡುಗೆಂಪಿನದು. ಕೆನೆಬಣ್ಣದ ಎರಡು ಪಟ್ಟಿಗಳ ನಡುವೆ ಕೆಂಪಿನ ತೆಳುವಾದ ಪದರ ಇಟ್ಟು, ಅಂಟು ಬಳಿದು, ಕ್ಲ್ಯಾಂಪಿನಲ್ಲಿ ಬಿಗಿದು ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ನೋಡಿದರೆ ಧೋತರದ ಅಂಚಿನಂತೆ ಕೆಂಪು ಗೆರೆ.

ಲೇತ್ ನನ್ನಲ್ಲಿಲ್ಲ. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ಯಜಮಾನರೊಬ್ಬರ ಪರಿಚಯವಿತ್ತು. ಭಾನುವಾರ ಹೋದೆ. ಅವರು ತುಂಡನ್ನು ಉಗುರಿನಿಂದ ಕುಟ್ಟಿ, ಮೂಸಿ, ಕೆನ್ನೆಗೆ ತಾಗಿಸಿ ನೋಡಿದರು. "ಮರ ಅಲ್ಲ ಇದು. ಕಲ್ಲೂ ಅಲ್ಲ. ಸುಳ್ಳು ಕಲ್ಲು ತಂದಿದೀರಲ್ಲ ಸ್ವಾಮಿ" ಎಂದರು. ಬೇಡವೆನ್ನಲಿಲ್ಲ.

ಅವರ ಕೈ ಹಾಲೆ ಮರಕ್ಕೆ ಪಳಗಿದ್ದು. ಚನ್ನಪಟ್ಟಣದ ಬೊಂಬೆಯ ಬಣ್ಣ ಬಳಿಯುವ ಬಣ್ಣವಲ್ಲ, ಅರಗು. ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಾಟದ ಕಾವಿಗೆ ಅದು ಕರಗಿ ಮೈಗೆ ಹತ್ತುತ್ತದೆ. ಆಮೇಲೆ ಒಣಗಿದ ತಾಳೆ ಗರಿ ಹಿಡಿದು ಹೊಳಪು ತರುತ್ತಾರೆ. ಅಂದರೆ ಕಾವೇ ಅವರ ಕಸುಬಿನ ಜೀವ. ಈ ಸುಳ್ಳು ಕಲ್ಲಿಗೆ ಕಾವೇ ಶತ್ರು. ರಂಧ್ರ ಕೊರೆಯುವಾಗ ಅವರು ಅಭ್ಯಾಸಬಲದಿಂದ ಒತ್ತಿ ಹಿಡಿದರು. ಒಳಗಿನ ಅಕ್ರಿಲಿಕ್ ಮೆತ್ತಗಾಗಿ ಬಿಟ್ಟಿಗೆ ಅಂಟಿಕೊಂಡಿತು, ಸಿಹಿಸಿಹಿಯಾದ ಒಂದು ವಾಸನೆ ಬಂತು, ಮೊದಲ ತುಂಡು 'ಟಕ್' ಎಂದು ಉದ್ದಕ್ಕೂ ಸೀಳಿತು. ನನಗೆ ಅಪ್ಪನ ಶಾಲೆಯ ಕಲ್ಲುಚಪ್ಪಡಿ ನೆನಪಾಯಿತು. ಯಜಮಾನರು ಏನೂ ಆಗದವರಂತೆ ಬೀಡಿ ಹಚ್ಚಿದರು. "ಮೂರು ತುಂಡು ತಂದಿದೀರಲ್ಲ, ಒಂದು ಕಲಿಯೋಕೆ" ಎಂದರು.

ಎರಡನೆಯದಕ್ಕೆ ತಾಳ್ಮೆ ಬಂತು. ಬಿಟ್ಟನ್ನು ಸ್ವಲ್ಪ ಒಳಗಿಳಿಸುವುದು, ಹೊರಗೆಳೆದು ಪುಡಿ ಕೊಡವುವುದು, ತಣ್ಣಗಾಗಲು ಬಿಟ್ಟು ಮತ್ತೆ ಇಳಿಸುವುದು. ಕೊಳವೆಯ ಹಿಂದುದಿ ಮುಚ್ಚಿರಬೇಕಾದ್ದರಿಂದ ತೂತು ಆಚೆ ದಾಟಬಾರದು. ಬಿಟ್ಟಿಗೆ ಒಂದು ಹಾಳೆಯ ಚೂರು ಸುತ್ತಿ ಆಳ ಗುರುತು ಮಾಡಿದರು. ಹೊರಮೈ ಕಡೆಯುವಾಗ ಉಳಿ ಹರಿತವಾಗಿದ್ದರೆ ತೆಂಗಿನ ತುರಿಯಂಥ ಸುರುಳಿ ಬರುತ್ತದೆ. ಮೊಂಡಾದರೆ ಬರೀ ಬಿಳಿ ದೂಳು. ಆ ದೂಳು ನವಿರಾದದ್ದು, ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ನಾನು ತಂದುಕೊಟ್ಟ ಮಾಸ್ಕನ್ನು ಅವರು ಗದ್ದಕ್ಕೆ ಹಾಕಿಕೊಂಡರು. ಬೀಡಿಯನ್ನಾದರೂ ಆರಿಸಿ ಮೇಲಕ್ಕೆ ಎಳೆದುಕೊಳ್ಳಿ ಎಂದು ಅಂಗಲಾಚಿದ ಮೇಲೆ ಎಳೆದುಕೊಂಡರು.

ಅವರು ಕಡೆಯುತ್ತಿರುವಾಗ ಮೂಲೆಯಲ್ಲಿ ಕೂತು ನೋಡುತ್ತಿದ್ದ ನನಗೆ ಬೇಲೂರು ಕಣ್ಣಿಗೆ ಬಂತು. ಐದನೇ ತರಗತಿಯಲ್ಲಿದ್ದಾಗ ಶಾಲಾ ಪ್ರವಾಸದಲ್ಲಿ ಅಪ್ಪ ನಮ್ಮನ್ನೆಲ್ಲ ಅಲ್ಲಿಗೆ ಕರೆದುಕೊಂಡು ಹೋಗಿದ್ದರು. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಗುಡಿ. ಎಲ್ಲರೂ ಶಿಲಾಬಾಲಿಕೆಯರನ್ನು ನೋಡುತ್ತಿದ್ದರೆ ಅಪ್ಪ ಒಳಗಿನ ಕಂಬಗಳನ್ನು ತೋರಿಸಿ, "ಇವನ್ನ ಕೆತ್ತಿದ್ದಲ್ಲ, ತಿರುಗಿಸಿ ಕಡೆದದ್ದು. ಬಗುರಿ ಹಾಗೆ" ಎಂದಿದ್ದರು. ಆ ಪಾಟಿ ದೊಡ್ಡ ಕಲ್ಲನ್ನು ತಿರುಗಿಸುವುದೆಂದರೇನು! ನಾವು ಯಾರೂ ನಂಬಲಿಲ್ಲ. ಆದರೆ ಹೊಯ್ಸಳರ ಗುಡಿಗಳಲ್ಲಿ, ಅವರಿಗೂ ಮುಂಚೆ ಕಲ್ಯಾಣದ ಚಾಲುಕ್ಯರ ಗುಡಿಗಳಲ್ಲಿ ಇರುವ ಆ ನುಣುಪು ಕಂಬಗಳ ಬಳೆಬಳೆಯಾದ ಗೆರೆಗಳು ಅದನ್ನೇ ಹೇಳುತ್ತವೆ. ಅದಕ್ಕೆ ಒಗ್ಗಿದ ಕಲ್ಲು ಬಳಪದ ಕಲ್ಲು. ಮೆತ್ತಗೆ, ಉಳಿಗೆ ಬಾಗುವ ಕಲ್ಲು.

ಬಳಪ! ನಮ್ಮ ನಾಡಿನಲ್ಲಿ ಜನ ಕಲ್ಲಿನಿಂದಲೇ ಬರೆಯುತ್ತಿದ್ದರಲ್ಲ. ಬಟ್ಟೆಗೆ ಇದ್ದಿಲ ಪುಡಿ ಮತ್ತು ಹುಣಸೆಬೀಜದ ಸರಿ ಬಳಿದು ಗಟ್ಟಿ ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿ, ಅದರ ಮೇಲೆ ಬಳಪದ ಕಡ್ಡಿಯಿಂದ ಬಿಳಿ ಅಕ್ಷರದಲ್ಲಿ ಲೆಕ್ಕ ಬರೆಯುತ್ತಿದ್ದರು. ತಪ್ಪಿದರೆ ಒರೆಸಿ ಮತ್ತೆ ಬರೆಯಬಹುದು. ಅದೇ ಕಡತ. ಶೃಂಗೇರಿ ಮಠದಲ್ಲಿ ಅಂಥ ಕಡತಗಳ ದೊಡ್ಡ ರಾಶಿಯೇ ಉಳಿದುಬಂದಿದೆ. ಬಟ್ಟೆ ಹೋಯಿತು, ಬಳಪ ಹೋಯಿತು, ಮಾತು ಮಾತ್ರ ತಾಲ್ಲೂಕು ಕಚೇರಿಯಲ್ಲಿ ಉಳಿದಿದೆ. 'ಕಡತ ಇನ್ನೂ ಮೇಲಿನವರ ಹತ್ತಿರ ಇದೆ' ಎನ್ನುವ ಗುಮಾಸ್ತನಿಗೆ ತಾನು ಹೇಳುತ್ತಿರುವುದು ಹುಣಸೆಬೀಜದ ಸರಿ ಬಳಿದ ಬಟ್ಟೆಯ ಹೆಸರು ಎಂದು ಹೊಳೆದಿರಲಾರದು. ನಮ್ಮ ತಾತ ಶಾನುಭೋಗರಾಗಿದ್ದವರು. ಕಡತ ನೋಡಿದ್ದರೋ ಏನೋ, ಬಳಪವನ್ನಂತೂ ಅಪ್ಪನ ಕೈಗೆ ಅವರೇ ಹಿಡಿಸಿದ್ದು.

ದೊಡ್ಡ ಸಮಸ್ಯೆ ಬಾಕಿ ಇತ್ತು. ಕೊಳವೆಯ ಬಾಯಿಗೆ ತಿರುಪು ಬೇಕು. ಕೊರಳಿನ ಭಾಗ ಒಳಗೆ ತಿರುಗಿ ಕೂರಬೇಕು, ಮುಚ್ಚಳ ಹೊರಗೆ ತಿರುಗಿ ಕೂರಬೇಕು. ಪುಡಿ ತುಂಬಿದ ಈ ವಸ್ತುವಿನಲ್ಲಿ ಸಣ್ಣ ಥ್ರೆಡ್ ನಿಲ್ಲುವುದಿಲ್ಲ, ಹಲ್ಲುಗಳು ಉದುರುತ್ತವೆ. ಪೀಣ್ಯದಲ್ಲಿ ಲೇತ್ ಕೆಲಸ ಮಾಡುವ ಗೆಳೆಯನೊಬ್ಬ ಎರಡು ಸಲ ಪ್ರಯತ್ನಿಸಿ ಕೈಚೆಲ್ಲಿದ. ಕೊನೆಗೆ ಅವನೇ ಒಂದು ದಾರಿ ಹೇಳಿದ. "ನಿಮ್ಮ ಅಪ್ಪನ ಕೊಳವೆ ಹಿಂದೆ ತಾನೇ ಸೀಳಿರೋದು? ಬಾಯಿ ಚೆನ್ನಾಗಿದೆಯಲ್ಲ. ಅದನ್ನ ಕುಯ್ದು ಇದರೊಳಗೆ ಕೂರಿಸೋಣ."

ಕುಯ್ಯುವುದೆಂದರೆ ಮತ್ತೆ ಹಿಂದಿರುಗಲಾಗದು. ಸೀಳಿದ ಪೆನ್ನು ಸೀಳಿದ ಹಾಗೇ ಇದ್ದರೆ ಅದು ಅಪ್ಪನ ಪೆನ್ನು. ಕುಯ್ದ ಮೇಲೆ ಕೈಕೊಟ್ಟರೆ ಅದು ಏನೂ ಅಲ್ಲ. ತಮ್ಮನ ಮಾತು ನೆನಪಾಯಿತು. ಅವನಿಗೆ ಫೋನ್ ಮಾಡಲು ಜೇಬಿಗೆ ಕೈಹಾಕಿ, ಮಾಡದೆ, "ಕುಯ್ಯಪ್ಪ" ಎಂದೆ. ಈಗಲೂ ಆ ಕ್ಷಣದ ಬಗ್ಗೆ ನನಗೆ ಪೂರ್ತಿ ಸಮಾಧಾನವಿಲ್ಲ.

ಗರಗಸ ಇಳಿದಾಗ ಗಂಧಕದ ವಾಸನೆ ಎದ್ದಿತು. ಒಳಗೆ, ಬೆಳಕು ತಾಗದ ಕಡೆ, ಎಬೊನೈಟ್ ಕೊಂಡ ದಿನದಷ್ಟೇ ಕಪ್ಪಗಿತ್ತು. ಇಪ್ಪತ್ತು ಮಿಲಿಮೀಟರಿನ ಬಾಯಿಭಾಗ ಉಳಿಸಿಕೊಂಡು, ಅದರ ಹಿಂದುದಿಯನ್ನು ಸಣ್ಣದು ಮಾಡಿ, ಹೊಸ ಕೊಳವೆಯೊಳಗೆ ಎಪಾಕ್ಸಿ ಹಾಕಿ ಕೂರಿಸಿದ. ಒಂದು ದಿನ ಒಣಗಲು ಬಿಟ್ಟು ಮನೆಗೆ ತಂದೆ. ವಾಟರ್ ಪೇಪರನ್ನು ನೀರಿನಲ್ಲಿ ಅದ್ದಿ ನಾನೂರರಿಂದ ಶುರುಮಾಡಿ ಎರಡು ಸಾವಿರದವರೆಗೆ ಉಜ್ಜಿದೆ. ಕೊನೆಗೆ ಹಿತ್ತಾಳೆ ಸಾಮಾನಿಗೆ ಹಾಕುವ ಬ್ರಾಸೊ ಬಟ್ಟೆಗೆ ತಾಗಿಸಿ ಉಜ್ಜಿದಾಗ ಮಂದವಾಗಿದ್ದ ಮೈ ಮೊಟ್ಟೆಯ ಸಿಪ್ಪೆಯಂಥ ಹೊಳಪಿಗೆ ಬಂತು. ಕೆಂಪು ಗೆರೆ ಕೊಳವೆಯ ಎರಡು ಬದಿಗೂ ನೇರವಾಗಿ ನಿಂತಿತು. ಕಂದಿದ ಮುಚ್ಚಳ, ಒಂದು ಕಪ್ಪು ಉಂಗುರ, ಕೆನೆಬಣ್ಣದ ಹೊಸ ಮೈ. ಚೆಂದವೋ ವಿಚಿತ್ರವೋ ಹೇಳುವುದು ಕಷ್ಟ.

ಮೊದಲು ನೀರು ತುಂಬಿಸಿ ರಾತ್ರಿ ಟಿಶ್ಯೂ ಕಾಗದದ ಮೇಲೆ ನಿಲ್ಲಿಸಿದೆ. ಬೆಳಿಗ್ಗೆ ಕಾಗದ ಒಣಗಿತ್ತು. ಆಮೇಲೆ ನೀಲಿ ಬ್ರಿಲ್ ಶಾಯಿ ತುಂಬಿದೆ. ಎರಡು ವಾರ ಸೋರಲಿಲ್ಲ. ಆದರೆ ಒಂದು ಕಡೆ, ಕೆಂಪು ಪದರ ಕೂಡಿದ ಜಾಗದಲ್ಲಿ, ಕೂದಲೆಳೆಯಷ್ಟು ನೀಲಿ ಗೆರೆ ಮೂಡಿತು. ಅಂಟು ಹಿಡಿಯದೆ ಉಳಿದ ಸಂದಿಗೆ ಶಾಯಿ ಇಳಿದಿದೆ. ಹೊರಗೆ ಬರುವುದಿಲ್ಲ, ಒಳಗೆ ಹೋಗುವುದೂ ಇಲ್ಲ. ತೊಳೆದರೂ ಹೋಗಲಿಲ್ಲ.

ಅಪ್ಪನ ವರ್ಷದ ಕಾರ್ಯಕ್ಕೆ ತಮ್ಮ ಬಂದ. ಊಟವಾದ ಮೇಲೆ ಪೆನ್ನನ್ನು ಅವನ ಮುಂದೆ ಇಟ್ಟೆ. ಕೈಗೆತ್ತಿಕೊಂಡು ಮೊದಲು ನೋಡಿದ್ದು ಕಪ್ಪು ಉಂಗುರವನ್ನು. ಬಾಯಿಭಾಗವನ್ನು ಕುಯ್ದದ್ದು ಅವನಿಗೆ ಗೊತ್ತಾಯಿತು. ಏನೂ ಹೇಳಲಿಲ್ಲ. ಎಲೆಯಡಿಕೆ ತಂದ ಕಿರಾಣಿ ಚೀಟಿಯ ಹಿಂದೆ ತನ್ನ ಹೆಸರು ಬರೆದ. ಇನ್ನೊಮ್ಮೆ ಬರೆದ. ಅಪ್ಪನ ಹೆಸರು ಬರೆದ. ನಿಬ್ಬು ಅಪ್ಪನ ಕೈಗೆ ಸವೆದದ್ದು, ಬಲಕ್ಕೆ ಸ್ವಲ್ಪ ವಾಲಿಸಿದರೆ ಮಾತ್ರ ಸರಾಗ ಓಡುತ್ತದೆ. ಅವನು ತಾನಾಗಿಯೇ ವಾಲಿಸಿ ಹಿಡಿದ.

ಆಮೇಲೆ ಪೆನ್ನನ್ನು ಕಿಟಕಿಯ ಕಡೆ ಎತ್ತಿ ಹಿಡಿದ. ಈ ಸುಳ್ಳು ಕಲ್ಲು ದಪ್ಪಗಿದ್ದಾಗ ಏನನ್ನೂ ತೋರಿಸುವುದಿಲ್ಲ. ಎರಡು ಮಿಲಿಮೀಟರಿಗೆ ತೆಳುವಾದರೆ ಬೆಳಕನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಕೆನೆಬಣ್ಣದ ಗೋಡೆಯ ಹಿಂದೆ ಶಾಯಿ ನೆರಳಿನಂತೆ ಕಂಡಿತು. ಅವನು ಪೆನ್ನನ್ನು ಓರೆ ಮಾಡಿದಾಗ ನೆರಳೂ ಓರೆಯಾಯಿತು.

"ಅರ್ಧಕ್ಕಿಂತ ಕೆಳಗೆ ಇಳಿದಿದೆ ಅಣ್ಣ" ಎಂದ. "ಡ್ರಾಪರ್ ಎಲ್ಲಿಟ್ಟಿದ್ದೀಯ?"